‘ಮಾತ್ರೆ ಶುರುವಾದ ಮೇಲೆ ಮಗು ಹಾಳಾಯಿತು’: ಥೈರಾಯ್ಡ್ ಕೊರತೆಯ ಒಂದು ಆಪ್ತಸಲಹೆ ಪ್ರಕರಣ

ಉಡುಪಿಯ ಹತ್ತಿರದ ಹಳ್ಳಿಯೊಂದರಲ್ಲಿ ಐದನೆಯ ತರಗತಿ ಓದುತ್ತಿರುವ ಹತ್ತು ವರ್ಷದ ಹುಡುಗಿಯನ್ನು ನನ್ನ ಬಳಿಗೆ ಕಳುಹಿಸಿದವರು ಆಕೆಗೆ ಚಿಕಿತ್ಸೆ ನೀಡುತ್ತಿರುವ ಮಕ್ಕಳ ಹಾರ್ಮೋನ್ ತಜ್ಞರು. ಥೈರಾಯ್ಡ್ ಮಾತ್ರೆ ಆರಂಭಿಸಿದ ಎರಡು ತಿಂಗಳಲ್ಲಿ ಬಹುಮಟ್ಟಿಗೆ ಇಳಿದಿದ್ದ ಟಿ.ಎಸ್.ಎಚ್. (ಥೈರಾಯ್ಡ್ ಕೊರತೆಯಾದಾಗ ರಕ್ತದಲ್ಲಿ ಏರುವ ಹಾರ್ಮೋನ್) ಪ್ರಮಾಣ ಆರನೆಯ ತಿಂಗಳಲ್ಲಿ ಮತ್ತೆ ಏರಿದ್ದನ್ನು ಕಂಡು, ಮನೆಯವರು ಔಷಧ ಸರಿಯಾಗಿ ಕೊಡುತ್ತಿಲ್ಲವೆಂಬ ಅನುಮಾನ ಅವರಿಗೆ ಬಂದಿತ್ತು. ಕೇಳಿದಾಗ ತಾಯಿ ಅತ್ತರೇ ಹೊರತು ಉತ್ತರ ಕೊಡಲಿಲ್ಲ. ತಂದೆ ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ. ಮನೆಯಲ್ಲಿರುವುದು ತಾಯಿ, ತಂದೆಯ ತಾಯಿ ಮತ್ತು ಎರಡನೆಯ ತರಗತಿಯ ತಮ್ಮ. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆದಿದ್ದೇನೆ.

ಹುಡುಗಿ ಬೆಳೆಯುತ್ತಿಲ್ಲವೆಂಬುದು ಮನೆಯವರ ಕಣ್ಣಿಗೆ ಬೀಳದ ಸಂಗತಿಯೇನಲ್ಲ. ಅದಕ್ಕೆ ಅವರಲ್ಲಿ ಸಿದ್ಧ ಉತ್ತರವಿತ್ತು. ಅಜ್ಜಿ ಗಿಡ್ಡ, ಸೋದರತ್ತೆ ಗಿಡ್ಡ, ಆದ್ದರಿಂದ ಮಗುವೂ ಗಿಡ್ಡ. ಎರಡನೆಯ ತರಗತಿಯಲ್ಲಿ ಹೊಲಿಸಿದ ಸಮವಸ್ತ್ರದ ಲಂಗಕ್ಕೆ, ಮುಂದೆ ಬಿಚ್ಚಿ ಉದ್ದ ಮಾಡಿಕೊಳ್ಳಲೆಂದು ತಾಯಿ ಮೂರು ಬೆರಳಷ್ಟು ಅಂಚು ಮಡಚಿಸಿದ್ದರು. ಮೂರು ವರ್ಷ ಕಳೆದರೂ ಆ ಹೊಲಿಗೆ ಬಿಚ್ಚುವ ಸಂದರ್ಭ ಬರಲಿಲ್ಲ. ಯಕ್ಷಗಾನ ತರಗತಿಯಲ್ಲಿ ಜೊತೆಗೆ ಸೇರಿದ ಮಕ್ಕಳೆಲ್ಲ ಬೇರೆ ಬೇರೆ ವೇಷಗಳಿಗೆ ಹೋದರೂ ಈಕೆ ಪೂರ್ವರಂಗದ ಬಾಲಗೋಪಾಲನಾಗಿಯೇ ಉಳಿದಿದ್ದಳು. ನಾಲ್ಕು ವರ್ಷ ವಯಸ್ಸಿನಿಂದ ಪ್ರೌಢಾವಸ್ಥೆ ಆರಂಭವಾಗುವ ತನಕ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಎತ್ತರವಾಗಬೇಕು. ಈಕೆಯ ಶಾಲಾ ಆರೋಗ್ಯ ಕಾರ್ಡಿನಲ್ಲಿ ಮೂರು ವರ್ಷದ್ದು ಒಟ್ಟು ಸೇರಿಸಿದರೂ 6 ಸೆಂ.ಮೀ. ಆಗುತ್ತಿರಲಿಲ್ಲ. ಅಂಕಿಗಳು ಪ್ರತಿವರ್ಷ ತಪ್ಪದೆ ದಾಖಲಾಗಿದ್ದವು. ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು ಓದಿದವರು ಮಾತ್ರ ಯಾರೂ ಇರಲಿಲ್ಲ. ವಂಶದಿಂದ ಬಂದ ಗಿಡ್ಡತನವಾದರೆ ಮಗು ಬೆಳವಣಿಗೆಯ ನಕ್ಷೆಯಲ್ಲಿ ಕೆಳಗಿನ ಗೆರೆಯಲ್ಲಿದ್ದರೂ ಆ ಗೆರೆಯನ್ನು ಹಿಡಿದುಕೊಂಡೇ ಏರುತ್ತದೆ, ಗೆರೆಯನ್ನು ಬಿಟ್ಟು ಕೆಳಗಿಳಿಯುವುದಿಲ್ಲ.

ಕೊನೆಗೆ ಮಲಬದ್ಧತೆಗೆಂದು ವೈದ್ಯರ ಬಳಿ ಹೋದಾಗ ಒಣಗಿದ ಚರ್ಮ, ಊದಿಕೊಂಡ ಮುಖ, ಬೇಸಗೆಯಲ್ಲೂ ಹೊದಿಕೆ ಬೇಕೆನ್ನುವ ಚಳಿ ಇವೆಲ್ಲ ಒಟ್ಟಿಗೆ ಗಮನಕ್ಕೆ ಬಂದವು. ಐದರ ಆಸುಪಾಸಿನ ಒಳಗಿರಬೇಕಾದ ಟಿ.ಎಸ್.ಎಚ್. ನೂರನ್ನು ದಾಟಿತ್ತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುವ ಹಾಶಿಮೋಟೊ ಕಾಯಿಲೆ ಎಂದು ಪ್ರತಿಕಾಯ ಪರೀಕ್ಷೆಯಿಂದ ಖಚಿತವಾಯಿತು. ಎಡಗೈಯ ಎಕ್ಸ್‌ರೇ ಮೂಳೆಯ ವಯಸ್ಸು ಏಳರ ಸುಮಾರು ಎಂದು ತೋರಿಸಿತು. ಮೂಳೆ ಹಿಂದುಳಿದಿದೆಯೆಂದರೆ ಬೆಳೆಯಲು ಇನ್ನೂ ಕಾಲಾವಕಾಶವಿದೆಯೆಂದು ಅರ್ಥ. ಬೆಳವಣಿಗೆಗೆ ಬೇಕಾದ ಥೈರಾಯ್ಡ್ ಹಾರ್ಮೋನಿನ ಕೊರತೆ ತುಂಬುವ ಲಿವೊಥೈರಾಕ್ಸಿನ್ ಮಾತ್ರೆ ಆರಂಭವಾಯಿತು.

ನನ್ನ ಕೆಲಸಕ್ಕೆ ಸಂಬಂಧಿಸಿದ ಭಾಗ ಶುರುವಾಗುವುದು ಇಲ್ಲಿಂದ. ಮಾತ್ರೆ ಕೆಲಸ ಮಾಡಿತು, ತೊಂದರೆಯಾದದ್ದೂ ಅದರಿಂದಲೇ. ಶಾಲೆಯಿಂದ ಬಂದು ಗೋಡೆಗೊರಗಿ ಕೂತಲ್ಲೇ ನಿದ್ದೆಹೋಗುತ್ತಿದ್ದ ಹುಡುಗಿ ಎರಡೇ ತಿಂಗಳಲ್ಲಿ ಅಂಗಳದಲ್ಲಿ ಓಡತೊಡಗಿದಳು, ತಮ್ಮನೊಂದಿಗೆ ಜಗಳವಾಡಿದಳು, ತರಗತಿಯಲ್ಲಿ ಪಕ್ಕದವರನ್ನು ಮಾತಿಗೆಳೆದಳು. ಅಂದವಾಗಿ ಬರೆಯುತ್ತಿದ್ದವಳ ಅಕ್ಷರ ಕೆಟ್ಟಿತು, ಗಣಿತದ ಅಂಕ ಇಳಿಯಿತು. ತಲೆ ಬಾಚುವಾಗ ಕೂದಲು ಉದುರಿದ್ದಂತೂ ಅಜ್ಜಿಗೆ ಸಾಕ್ಷಿ ಸಿಕ್ಕಿದಂತಾಯಿತು. “ಎಷ್ಟು ಪಾಪದ ಮಗು ಮೇಡಂ ಅದು, ಎದುರು ಮಾತು ಅಂತ ಆಡಿದ್ದೇ ಇಲ್ಲ. ಈ ಮಾತ್ರೆ ಶುರು ಮಾಡಿದ ಮೇಲೆ ಹಾಳಾಯಿತು. ಉಷ್ಣದ ಮಾತ್ರೆ ಅದು,” ಎಂದರು. ಮೊದಲು ದಿನ ಬಿಟ್ಟು ದಿನ ಕೊಟ್ಟು, ಆಮೇಲೆ ಪೂರ್ತಿ ನಿಲ್ಲಿಸಿದ್ದು ಅವರ ಒತ್ತಾಯದಿಂದ. ಮಾತ್ರೆ ಇಡುತ್ತಿದ್ದುದು ಒಲೆಯ ಮೇಲಿನ ಕಟ್ಟೆಯಲ್ಲಿ, ಸಾಸಿವೆ ಡಬ್ಬಿಗಳ ಸಾಲಿನಲ್ಲಿ, ಹೆಸರಿಲ್ಲದ ಒಂದು ಡಬ್ಬಿಯಲ್ಲಿ. ಬಂದುಹೋಗುವವರ ಕಣ್ಣಿಗೆ ಬಿದ್ದರೆ ನಾಳೆ ಹುಡುಗಿಯ ಮದುವೆಗೆ ಅಡ್ಡಿಯಾದೀತೆಂದು.

ಅಜ್ಜಿಯನ್ನು ಅಜ್ಞಾನಿಯೆಂದು ತಳ್ಳಿಹಾಕಲು ನಾನು ಸಿದ್ಧಳಿರಲಿಲ್ಲ, ಏಕೆಂದರೆ ಅವರು ಕಂಡದ್ದೆಲ್ಲವೂ ನಿಜವೇ ಆಗಿತ್ತು. ಬಹುಕಾಲದಿಂದ ಥೈರಾಯ್ಡ್ ಕೊರತೆಯಲ್ಲಿದ್ದ ಮಗುವಿಗೆ ಚಿಕಿತ್ಸೆ ಆರಂಭವಾದಾಗ ಚಡಪಡಿಕೆ, ಗಮನ ಚದುರುವುದು, ಕೆಲಕಾಲ ಓದಿನಲ್ಲಿ ಹಿನ್ನಡೆ, ತಾತ್ಕಾಲಿಕವಾಗಿ ಕೂದಲು ಉದುರುವುದು ಇವೆಲ್ಲ ಕಾಣಿಸಿಕೊಳ್ಳುವುದುಂಟು. ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದರೆ ಮನೆಯವರು ಹೆದರುತ್ತಿರಲಿಲ್ಲ. ಅವರು ಒಪ್ಪಿಕೊಳ್ಳಲು ಕಷ್ಟಪಟ್ಟದ್ದು ಬೇರೊಂದು ವಿಷಯವನ್ನು. ನೆಂಟರಿಷ್ಟರೆಲ್ಲ ಹೊಗಳುತ್ತಿದ್ದ, ಇತರ ಮಕ್ಕಳಿಗೆ ಮಾದರಿಯೆಂದು ತೋರಿಸುತ್ತಿದ್ದ ಆ ಸಾಧುತನದಲ್ಲಿ ಎಷ್ಟು ಪಾಲು ಸ್ವಭಾವ, ಎಷ್ಟು ಪಾಲು ಕಾಯಿಲೆಯ ಆಯಾಸ ಎಂದು ಈಗ ಹೊಸದಾಗಿ ಲೆಕ್ಕ ಹಾಕಬೇಕಾಗಿತ್ತು.

ಹುಡುಗಿಯೊಂದಿಗೆ ಪ್ರತ್ಯೇಕವಾಗಿ ಮಾತನಾಡಿದಾಗ ಆಕೆ ಕೇಳಿದ್ದು: “ಮೊದಲು ಎಲ್ಲರೂ ಒಳ್ಳೆಯ ಹುಡುಗಿ ಅಂತಿದ್ದರು. ಈಗ ಬೈಯ್ತಾರೆ. ಮಾತ್ರೆ ಬಿಟ್ಟರೆ ಬೈಯುವುದಿಲ್ಲ ಅಲ್ವಾ?” ಅಂದರೆ ಔಷಧ ನಿಲ್ಲಿಸಿದ್ದರಲ್ಲಿ ಆಕೆಯದೂ ಸಮ್ಮತಿಯಿತ್ತು, ಕೆಲವು ದಿನ ಅಮ್ಮ ಗುಟ್ಟಾಗಿ ಕೊಟ್ಟ ಮಾತ್ರೆಯನ್ನು ಬಚ್ಚಲಲ್ಲಿ ಉಗುಳಿದ್ದಾಗಿಯೂ ಹೇಳಿದಳು. ಓಡಿದಾಗ ಹೇಗನಿಸುತ್ತದೆ ಎಂದು ಕೇಳಿದೆ. “ಕಾಲು ಭಾರ ಇರುವುದಿಲ್ಲ” ಎಂದಳು. ಮುಂದಿನ ಭೇಟಿಯಲ್ಲಿ ಅಜ್ಜಿ, ತಾಯಿ ಇಬ್ಬರ ಎದುರಿಗೂ ಅದೇ ಮಾತನ್ನು ಆಕೆಯಿಂದಲೇ ಹೇಳಿಸಿದೆ. ನನ್ನ ಯಾವ ವಿವರಣೆಗೂ ಅಲುಗಾಡದ ಅಜ್ಜಿ ಅದನ್ನು ಕೇಳಿ, ಮೊದಲು ಕಾಲು ಭಾರವಿತ್ತೆಂದು ಯಾಕೆ ಹೇಳಲಿಲ್ಲವೆಂದು ಮೊಮ್ಮಗಳನ್ನು ಗದರಿದರು. ಎಲ್ಲರಿಗೂ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ ಎಂಬುದು ಆಕೆಯ ಉತ್ತರ.

ಔಷಧದ ಬಗ್ಗೆ ವೈದ್ಯರ ಸೂಚನೆಯನ್ನೇ ಮನೆಯ ದಿನಚರಿಗೆ ಹೊಂದಿಸಿ ಹೇಳಿದೆ. ಬೆಳಿಗ್ಗೆ ಎದ್ದ ಕೂಡಲೇ ಖಾಲಿಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ. ಅರ್ಧದಿಂದ ಒಂದು ಗಂಟೆ ಬಿಟ್ಟು ಹಾಲು, ಗಂಜಿ ಅಥವಾ ತಿಂಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ ಮಧ್ಯಾಹ್ನದ ಊಟದ ನಂತರವಾದ್ದರಿಂದ ಅದನ್ನು ನಿಲ್ಲಿಸಬೇಕಾಗಿಲ್ಲ. ಈ ಮಾತ್ರೆ ಬಿಸಿಗೂ ತೇವಕ್ಕೂ ಸತ್ವ ಕಳೆದುಕೊಳ್ಳುವಂಥದ್ದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಲೆಯ ಬಳಿಯ ಡಬ್ಬಿ ಅದಕ್ಕೆ ತೀರ ಕೆಟ್ಟ ಜಾಗ. ಬಂದ ಬಾಟಲಿಯಲ್ಲೇ ಮುಚ್ಚಳ ಬಿಗಿದು ಮಲಗುವ ಕೋಣೆಯ ಕಪಾಟಿನಲ್ಲಿಡಬೇಕು. ಬೆಳಿಗ್ಗೆ ಮರೆತರೆ ಅದೇ ದಿನ ನೆನಪಾದಾಗ ಕೊಡಬಹುದು. ಪ್ರಮಾಣ ಬದಲಾದಾಗಲೆಲ್ಲ ಆರರಿಂದ ಎಂಟು ವಾರಕ್ಕೆ ರಕ್ತಪರೀಕ್ಷೆ ತಪ್ಪಿಸಬಾರದು. ಕಲ್ಲುಪ್ಪು ತಿಂದದ್ದರಿಂದ ಹೀಗಾಯಿತೇ ಎಂದು ತಾಯಿ ಕೇಳಿದರು. ಈ ಮಗುವಿನ ಕಾಯಿಲೆಗೆ ಉಪ್ಪು ಕಾರಣವಲ್ಲ, ಎಲ್ಲರಂತೆ ಅಯೋಡಿನ್ ಸೇರಿದ ಉಪ್ಪು ಬಳಸಿದರೆ ಸಾಕು, ಮೀನಾಗಲಿ ಬೇಯಿಸಿದ ಕೋಸಾಗಲಿ ಬಿಡಬೇಕಾಗಿಲ್ಲ.

ಮದುವೆಯ ಚಿಂತೆಗೆ ಉತ್ತರಿಸುವುದು ಇದಕ್ಕಿಂತ ನಾಜೂಕಿನ ಕೆಲಸ. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಋತುಮತಿಯಾಗುವುದು, ಓದು, ಮದುವೆ, ಮಕ್ಕಳು ಯಾವುದಕ್ಕೂ ಅಡ್ಡಿಯಿಲ್ಲ. ಗರ್ಭಿಣಿಯಾದಾಗ ಪ್ರಮಾಣ ಹೆಚ್ಚಿಸಬೇಕಾಗುವುದರಿಂದ ಆಗ ವೈದ್ಯರಿಗೆ ಕೂಡಲೇ ತಿಳಿಸಬೇಕು, ಅಷ್ಟೇ. ಮುಚ್ಚಿಟ್ಟು ನಿಲ್ಲಿಸಿದರೆ ಮಾತ್ರ ಎತ್ತರವೂ ಕಳೆದುಹೋಗುತ್ತದೆ. ಪ್ರೌಢಾವಸ್ಥೆ ಮುಂದುವರಿದು ಮೂಳೆಯ ತುದಿಗಳು ಕೂಡಿಕೊಂಡ ಮೇಲೆ ಕಳೆದ ವರ್ಷಗಳನ್ನು ಹಿಂದಕ್ಕೆ ತರಲಾಗದು, ಈಗಲೂ ಪೂರ್ತಿ ತುಂಬಿಬರುವ ಭರವಸೆಯನ್ನು ವೈದ್ಯರು ಕೊಟ್ಟಿಲ್ಲ. ಹುಟ್ಟಿನಿಂದಲೇ ಥೈರಾಯ್ಡ್ ಇಲ್ಲದ ಶಿಶುಗಳಿಗೆ ಚಿಕಿತ್ಸೆ ತಡವಾದರೆ ಬುದ್ಧಿಗೆ ಪೆಟ್ಟಾಗುತ್ತದೆ, ಅದಕ್ಕೆಂದೇ ಹುಟ್ಟಿದ ಮೊದಲ ದಿನಗಳಲ್ಲಿ ಹಿಮ್ಮಡಿಯ ರಕ್ತ ತೆಗೆದು ಪರೀಕ್ಷಿಸುವುದು. ಆದರೆ ಈ ಹುಡುಗಿಗೆ ಕೊರತೆ ಬಂದದ್ದು ಮೆದುಳಿನ ಆ ಘಟ್ಟ ದಾಟಿದ ಮೇಲೆ, ಆದ್ದರಿಂದ ಆ ಭಯ ಬೇಡವೆಂದೆ.

ತಂದೆ ಫೋನಿನಲ್ಲಿ, ಎತ್ತರ ಬೆಳೆಸುವ ಇಂಜೆಕ್ಷನ್ ಹಾಕಿಸಿದರೆ ಬೇಗ ಮುಗಿಯುವುದಿಲ್ಲವೇ ಎಂದು ಕೇಳಿದರು. ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ಇರುವುದು ಆ ಹಾರ್ಮೋನಿನ ಕೊರತೆಗೆ ಮತ್ತು ಟರ್ನರ್ ಸಿಂಡ್ರೋಮಿನಂಥ (ಹೆಣ್ಣುಮಕ್ಕಳಲ್ಲಿ ಹುಟ್ಟಿನಿಂದಲೇ ಇರುವ ವರ್ಣತಂತುವಿನ ದೋಷ) ಕೆಲವು ಸ್ಥಿತಿಗಳಿಗೆ. ವರ್ಷಗಟ್ಟಲೆ, ಸಾಮಾನ್ಯವಾಗಿ ದಿನವೂ, ಚುಚ್ಚಬೇಕು, ದುಬಾರಿ. ಥೈರಾಯ್ಡ್ ಕೊರತೆಯಿದ್ದಾಗ ಬೆಳವಣಿಗೆಯ ಹಾರ್ಮೋನೂ ಕಡಿಮೆ ಸುರಿಯುವುದರಿಂದ ಮೊದಲು ಥೈರಾಯ್ಡ್ ಸರಿಹೋಗದೆ ಅದರ ಪರೀಕ್ಷೆಯನ್ನೇ ನಂಬುವಂತಿಲ್ಲ. ಜಾಹೀರಾತಿನ ಪುಡಿಗಳ ಬಗ್ಗೆ ಹೆಚ್ಚು ಮಾತು ಬೇಕಾಗಲಿಲ್ಲ.

ಶಾಲೆಗೆ, ತಾಯಿಯ ಒಪ್ಪಿಗೆಯೊಂದಿಗೆ, ಒಂದು ಪತ್ರ ಬರೆದುಕೊಟ್ಟೆ. ಕೆಲವು ತಿಂಗಳು ಗಮನ ಚದುರಬಹುದು, ಅಂಕಕ್ಕಾಗಿ ಗದರಬಾರದು, ಕಾಯಿಲೆಯ ವಿಷಯ ತರಗತಿಯಲ್ಲಿ ಆಡಬಾರದು, ಎತ್ತರ ನೋಡಿ ಸಣ್ಣ ಮಕ್ಕಳ ಜೊತೆ ಕೂರಿಸದೆ ಹತ್ತು ವರ್ಷದವಳಿಗೆ ತಕ್ಕ ಜವಾಬ್ದಾರಿ ಕೊಡಬೇಕು ಎಂಬುದು ಅದರ ಸಾರ. ಮನೆಯಲ್ಲಿಯೂ ಇದೇ ನಿಯಮ: ಎತ್ತಿಕೊಳ್ಳುವುದು, ತಮ್ಮನ ಪಕ್ಕ ನಿಲ್ಲಿಸಿ ಅಳೆಯುವುದು ನಿಲ್ಲಬೇಕು. ತಂಟೆ ಮಾಡಿದರೆ ತಮ್ಮನಿಗೆ ಹೇಗೋ ಹಾಗೆಯೇ ಆಕೆಗೂ ಬೈಯಬಹುದು, ಮಾತ್ರೆಯ ಹೆಸರೆತ್ತಬಾರದು. ವಾರವಾರ ಎತ್ತರ ನೋಡುವ ಆತುರ ತಾಯಿಗಿತ್ತು. ವರ್ಷಕ್ಕೆ ಎರಡು ಸಲ, ಕೃಷ್ಣಾಷ್ಟಮಿಗೊಮ್ಮೆ, ಏಪ್ರಿಲಿನ ಬಿಸು ಹಬ್ಬಕ್ಕೊಮ್ಮೆ, ಒಂದೇ ಗೋಡೆಗೆ ಬರಿಗಾಲಲ್ಲಿ ನಿಲ್ಲಿಸಿ ಗುರುತು ಹಾಕಿದರೆ ಸಾಕೆಂದು ಒಪ್ಪಿಸಿದೆ.

ಮಾತ್ರೆ ಮತ್ತೆ ಶುರುವಾಗಿ ಈಗ ಟಿ.ಎಸ್.ಎಚ್. ಹತೋಟಿಯಲ್ಲಿದೆ, ಗಣಿತ ಇನ್ನೂ ಸುಧಾರಿಸಿಲ್ಲ. ಅಜ್ಜಿ ಮಾತ್ರೆಯನ್ನು ಈಗಲೂ ಉಷ್ಣವೆಂದೇ ಕರೆಯುತ್ತಾರೆ. ಆದರೆ ಬೆಳಿಗ್ಗೆ ತಮ್ಮ ಬಿ.ಪಿ. ಮಾತ್ರೆ ನುಂಗುವಾಗ ಮೊಮ್ಮಗಳನ್ನು ಕರೆದು ಆಕೆಯದನ್ನೂ ತಮ್ಮ ಎದುರಿಗೇ ನುಂಗಿಸುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ. ಈ ಕಾಯಿಲೆ ಕುಟುಂಬದಲ್ಲಿ ಹರಿದುಬರುವುದುಂಟಾದ್ದರಿಂದ ತಾಯಿಯೂ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಲೆಂದು ತಜ್ಞರು ಹೇಳಿದ್ದರು. ಸದಾ ದಣಿವೆನ್ನುವ ಅವರು ಮನೆಗೆಲಸದ ನೆಪ ಹೇಳಿ ಇನ್ನೂ ಹೋಗಿಲ್ಲ. ಮುಂದಿನ ಭೇಟಿಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.