ರೀಫ್ ಟ್ಯಾಂಕಿನ ಲೈಟಿಗೆ 35 ಸಾವಿರ ಬೇಡ ಅಣ್ಣಾ

ಅಣ್ಣಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ, ಡ್ಯೂಟಿ ಮುಗಿಸಿ ಈಗ ಕೂತು ಬರೆಯುತ್ತಿದ್ದೇನೆ. ಬೀದರಿನಲ್ಲಿ ನಿಮ್ಮ ಹತ್ತಿರ 30 ಇಂಚು ಉದ್ದ, 15 ಅಗಲ, 18 ಎತ್ತರದ ಟ್ಯಾಂಕ್ ಇದೆ. ಉಪ್ಪುನೀರು ಹಾಕಿ ಮೂರು ತಿಂಗಳಾಗಿದೆ, ಎರಡು ಕ್ಲೌನ್ ಮೀನು ಆರಾಮಾಗಿವೆ, ಈಗ ಕೋರಲ್, ಅಂದರೆ ಜೀವಂತ ಹವಳ, ಇಡಬೇಕು. ಅಂಗಡಿಯವರು 35 ಸಾವಿರದ ಲೈಟ್ ಇಲ್ಲದಿದ್ದರೆ ಕೋರಲ್ ಉಳಿಯೋದಿಲ್ಲ ಅಂದಿದ್ದಾರೆ. ಇಲ್ಲೇ ನಮ್ಮ ಗುಂಪಿನಲ್ಲಿ ಒಬ್ಬರು ಅಂಗಳದ ಗೋಡೆಗೆ ಹಾಕುವ 50 ವ್ಯಾಟ್ ಫ್ಲಡ್‌ಲೈಟ್ ಸಾಕು ಅಂದಿದ್ದಾರೆ. ನಿಮ್ಮ ಕೈಯಲ್ಲಿ ಇರೋದು 12 ಸಾವಿರ. ಇಬ್ಬರೂ ಸುಳ್ಳು ಹೇಳಿಲ್ಲ, ಆದರೆ ಯಾವ ಕೋರಲ್ ಸಾಕುತ್ತೀರಿ ಅಂತ ಇಬ್ಬರೂ ಕೇಳಿಲ್ಲ ನೋಡ್ರಿ. ಲೈಟಿನ ಖರ್ಚು ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ಕಾನೂನಿನ ಮಾತು, ಬೇಜಾರಾದರೂ ಓದಿ. ನಮ್ಮ ದೇಶದಲ್ಲಿ ಕಲ್ಲಿನ ಅಸ್ಥಿ ಕಟ್ಟುವ ಹಾರ್ಡ್ ಕೋರಲ್ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿವೆ, 2001ರಲ್ಲಿ ಸೇರಿಸಿದರು. ಹುಲಿ ಇರುವ ಪಟ್ಟಿಯೇ ಅದು. ಸೀ ಫ್ಯಾನ್, ಬ್ಲ್ಯಾಕ್ ಕೋರಲ್, ಫೈರ್ ಕೋರಲ್ ಕೂಡ ಅದರಲ್ಲೇ. ಆಕ್ರೋಪೊರಾ, ಮಾಂಟಿಪೊರಾ ಅಂದರೆ ಹಾರ್ಡ್ ಅಂತ ಎಲ್ಲರಿಗೂ ಗೊತ್ತು, ಆದರೆ ಹ್ಯಾಮರ್, ಟಾರ್ಚ್, ಬ್ರೇನ್ ಇವೂ ಹಾರ್ಡ್ ಕೋರಲ್‌ಗಳೇ. ಮೇಲೆ ಮೆತ್ತಗೆ ತೂಗಾಡುತ್ತವೆ, ಕೆಳಗೆ ಕಲ್ಲು ಇರುತ್ತದೆ. ಮೊಬೈಲಿನಲ್ಲಿ ಫೋಟೊ ಕಳಿಸಿ "ಪಾರ್ಸಲ್ ಮನೆಗೇ ಬರುತ್ತೆ" ಅನ್ನುವವರು ಇದನ್ನು ಹೇಳೋದಿಲ್ಲ. ದೊಡ್ಡ ಜಾತಿಯ ಕ್ಲ್ಯಾಮ್ ಚಿಪ್ಪು, ಕಡಲ ಕುದುರೆ ಇವುಗಳ ಕಥೆಯೂ ಇಷ್ಟೇ, ಮುಟ್ಟಬೇಡಿ.

ಹಾಗಾದರೆ ಉಳಿಯೋದು ಏನು? ಜೋವಾಂಥಿಡ್ (ಚುಟುಕಾಗಿ ಜೋವಾ), ಮಶ್ರೂಮ್, ಲೆದರ್, ಜೀನಿಯಾ. ಇವೆಲ್ಲ ಕೋರಲ್‌ಗಳ ಹೆಸರೇ, ಕಲ್ಲಿನ ಅಸ್ಥಿ ಇಲ್ಲದ ಸಾಫ್ಟ್ ಬಗೆಯವು. ಇವನ್ನು ಕೊಳ್ಳುವಾಗಲೂ ಬಿಲ್ ಕೇಳಿ, ಎಲ್ಲಿಂದ ಬಂತು ಅಂತ ವಿಚಾರಿಸಿ. ಲೈಟಿನ ಲೆಕ್ಕಕ್ಕೆ ಇದು ನಿಮಗೆ ಲಾಭ, ಏಕೆಂದರೆ ಆ 35 ಸಾವಿರದ ಲೈಟ್ ಮಾಡಿರೋದೇ ಹಾರ್ಡ್ ಕೋರಲ್‌ಗೆ. ಅದನ್ನು ಸಾಕಲಾಗದ ಮೇಲೆ ಆ ದುಡ್ಡು ಯಾಕೆ?

ಕೋರಲ್‌ನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬೆಳಕು ತಿಂದು ಸಕ್ಕರೆ ಮಾಡುತ್ತದೆ, ಕೋರಲ್ ಅದರಲ್ಲಿ ಪಾಲು ತಗೊಂಡು ಬದುಕುತ್ತದೆ. ಹೊಲ ಪಾಲಿಗೆ ಕೊಟ್ಟ ಹಾಗೆ. ಆ ಪಾಚಿಗೆ ಸಿಗುವ ಬೆಳಕನ್ನು ಪಾರ್ ಅನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ, ಅಂದರೆ 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕು ಎಷ್ಟು ಬೀಳುತ್ತಿದೆ ಅಂತ. ಆಕ್ರೋಪೊರಾಕ್ಕೆ 250-350 ಬೇಕು. ಮಶ್ರೂಮ್‌ಗೆ 50 ಇದ್ದರೂ ನಡೆಯುತ್ತದೆ, ಜೋವಾ, ಲೆದರ್‌ಗೆ 80ರಿಂದ 150 ಸಾಕು. ಮೇ ತಿಂಗಳ ನಡುಮಧ್ಯಾಹ್ನ ಅಂಗಳದಲ್ಲಿ ಅಳೆದರೆ 2000ದ ಹತ್ತಿರ ಬರುತ್ತದೆ, ನಮ್ಮ ಬಿಸಿಲು ಗೊತ್ತಲ್ಲ. "ಹಾಗಾದರೆ ಟ್ಯಾಂಕ್ ಕಿಟಕಿಗೆ ಇಟ್ಟರೆ ಲೈಟೇ ಬೇಡ ಅಲ್ವಾ" ಅಂತ ನಮ್ಮ ಅಳಿಯ ಕೇಳಿದ್ದ. ಬೇಡಪ್ಪಾ, ಸಂಜೆಯೊಳಗೆ ನೀರು ಚಹಾ ಆಗುತ್ತದೆ, ಗಾಜಿಗೆಲ್ಲ ಹಸಿರು ಪಾಚಿ ಕಟ್ಟುತ್ತದೆ.

ಮೊಬೈಲಿನ ಲಕ್ಸ್ ಆ್ಯಪ್ ಹಿಡಿದು ಅಳೆಯಬೇಡಿ. ಲಕ್ಸ್ ಅನ್ನೋದು ಮನುಷ್ಯರ ಕಣ್ಣಿನ ಲೆಕ್ಕ, ನಮ್ಮ ಕಣ್ಣಿಗೆ ನೀಲಿ ಕಡಿಮೆ ಕಾಣುತ್ತದೆ. ನೀಲಿ ಎಲ್‌ಇಡಿ ಕೆಳಗೆ ಆ ಆ್ಯಪ್ ತೀರಾ ಕಡಿಮೆ ತೋರಿಸಿತು, ನಾನು ಅದನ್ನು ನಂಬಿ ಲೈಟ್ ಏರಿಸಿ ಕೈ ಸುಟ್ಟುಕೊಂಡೆ. ಆ ಕಥೆ ಮುಂದೆ ಹೇಳುತ್ತೇನೆ.

ಬಣ್ಣದ ವಿಷಯಕ್ಕೆ ಬಂದರೆ, ಸಮುದ್ರದಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರ್‌ನಲ್ಲಿ ಕರಗಿ ಹೋಗುತ್ತದೆ, ಆಳಕ್ಕೆ ಇಳಿಯೋದು ನೀಲಿ. ಕೋರಲ್‌ನ ಪಾಚಿ ಅದಕ್ಕೇ ಒಗ್ಗಿಕೊಂಡಿದೆ. ಹಾಗಾಗಿ ಲೈಟಿನಲ್ಲಿ 420ರಿಂದ 460 ನ್ಯಾನೊಮೀಟರ್ ಒಳಗಿನ ನೀಲಿ ಇರಲೇಬೇಕು. ಡಬ್ಬಿಯ ಮೇಲೆ 'ರಾಯಲ್ ಬ್ಲೂ' ಅಂತ, ಇಲ್ಲವೇ 450 ಅಂತ ಬರೆದಿರುತ್ತದೆ. ಗಣಪತಿ ಮಂಟಪಕ್ಕೆ ಹಾಕುವ ನೀಲಿ ಬಲ್ಬ್ ಈ ಲೆಕ್ಕಕ್ಕೆ ಬರೋದಿಲ್ಲ. ಗಿಡಕ್ಕೆ ಅಂತ ಮಾರುವ ನೇರಳೆ ಗ್ರೋ ಲೈಟ್‌ನಲ್ಲಿ ಕೆಂಪು ಜಾಸ್ತಿ, ಅದೂ ಬೇಡ. ಸಿಹಿನೀರಿನ ಗಿಡದ ಟ್ಯಾಂಕಿಗೆ ಬರುವ ಉದ್ದನೆಯ ಪಟ್ಟಿ ಲೈಟ್‌ಗಳೂ ಈ ಕೆಲಸಕ್ಕೆ ಅಷ್ಟಕ್ಕಷ್ಟೇ.

ಈಗ ಫ್ಲಡ್‌ಲೈಟ್. ನಾನು ಶುರು ಮಾಡಿದ್ದೇ ಅದರಿಂದ. ಇಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 6500 ಕೆಲ್ವಿನ್ ಬಿಳಿ ಫ್ಲಡ್ ತಂದೆ, ಸಾವಿರದೊಳಗೆ ಮುಗಿಯಿತು. ಬಿಳಿ ಎಲ್‌ಇಡಿಯ ಒಳಗೂ ನೀಲಿ ಚಿಪ್ಪೇ ಇರೋದು, ಮೇಲೆ ಹಳದಿ ಪುಡಿ ಬಳಿದು ಬಿಳಿ ಮಾಡಿರುತ್ತಾರೆ, ಅದಕ್ಕೇ ಸಾಫ್ಟ್ ಕೋರಲ್ ಅದರ ಕೆಳಗೆ ಸಾಯೋದಿಲ್ಲ. ನನ್ನ ಮಶ್ರೂಮ್ ಏಳು ತಿಂಗಳು ಅದರಲ್ಲೇ ಬದುಕಿ ಎರಡು ಮರಿಯನ್ನೂ ಮಾಡಿತು. ಆದರೆ ನೋಡಲು ಮಾತ್ರ ಕೊಳದ ನೀರಿನ ಹಾಗೆ, ಹಳದಿ ಹಳದಿ. ಕೋರಲ್ ಹೊಳೆಯೋದು ನೀಲಿ ಬೆಳಕಿನಲ್ಲಿ, ಅದಿಲ್ಲದಿದ್ದರೆ ಹಸಿರು ಜೋವಾ ಕೂಡ ಒಣಗಿದ ಪುಂಡಿಪಲ್ಲೆ ಥರ ಕಾಣುತ್ತದೆ. ಇನ್ನೊಂದು ತೊಂದರೆ, ಅದನ್ನು ಮಂದ ಮಾಡಲು ಬರೋದಿಲ್ಲ. ಹಾಕಿದರೆ ಪೂರ್ತಿ, ಇಲ್ಲವಾದರೆ ಕತ್ತಲೆ. ತೀರಾ ದುಡ್ಡಿಲ್ಲದವರಿಗೆ ಸರಿ, 12 ಸಾವಿರ ಇಟ್ಟುಕೊಂಡವರಿಗೆ ಯಾಕೆ?

ನೀವು ತಗೊಳ್ಳಬೇಕಾದ್ದು ಬ್ಲ್ಯಾಕ್ ಬಾಕ್ಸ್. ಚೈನಾದಿಂದ ಬರುವ ಕಪ್ಪು ತಗಡಿನ ಪೆಟ್ಟಿಗೆ, ಒಳಗೆ 3 ವ್ಯಾಟಿನ 55 ಎಲ್‌ಇಡಿ, ಮೇಲೆ ಎರಡು ಫ್ಯಾನ್, ನೀಲಿಗೆ ಒಂದು ತಿರುಗಣಿ, ಬಿಳಿಗೆ ಒಂದು. ಬೇರೆ ಬೇರೆ ಹೆಸರು ಅಂಟಿಸಿ ಮಾರುತ್ತಾರೆ, ಒಳಗಿನ ಸಾಮಾನು ಹೆಚ್ಚೂಕಡಿಮೆ ಒಂದೇ. 165 ವ್ಯಾಟ್ ಅಂತ ಬರೆದಿರುತ್ತದೆ, ಅದು 55ನ್ನು 3ರಿಂದ ಗುಣಿಸಿದ್ದು ಅಷ್ಟೇ. ನಾನು ಪ್ಲಗ್ ಮೀಟರ್ ಹಾಕಿ ನೋಡಿದಾಗ ಎರಡೂ ತಿರುಗಣಿ ಪೂರ್ತಿ ತಿರುಗಿಸಿದರೂ 110 ದಾಟಲಿಲ್ಲ. ಮೋಸ ಅಂತ ಬೇಜಾರಾಗಬೇಡಿ, ನಿಮ್ಮ ಟ್ಯಾಂಕಿಗೆ ಅದರಲ್ಲಿ ಅರ್ಧವೇ ಜಾಸ್ತಿ. ಹೈದರಾಬಾದಿನಲ್ಲಿ ಟ್ಯಾಂಕ್ ಬಿಟ್ಟವರೊಬ್ಬರಿಂದ ನಾನು ಸೆಕೆಂಡ್ ಹ್ಯಾಂಡ್ ತಂದದ್ದು, 5 ಸಾವಿರ ಕೊಟ್ಟೆ. ಹಳೆಯದು ತಗೊಳ್ಳುವುದಾದರೆ ಎದುರಿಗೇ ಹಚ್ಚಿಸಿ ಅರ್ಧ ಗಂಟೆ ಬಿಡಿ, ಸತ್ತ ಎಲ್‌ಇಡಿ ಎಣಿಸಿ, ಎರಡೂ ಫ್ಯಾನ್ ತಿರುಗುತ್ತವೆಯೇ ನೋಡಿ. ಫ್ಯಾನ್ ನಿಂತ ಪೆಟ್ಟಿಗೆ ಬೇಡವೇ ಬೇಡ, ಬಿಸಿಗೆ ಉಳಿದ ಎಲ್‌ಇಡಿಗಳೂ ಒಂದೊಂದಾಗಿ ಹೋಗುತ್ತವೆ.

30 ಇಂಚಿಗೆ ಒಂದು ಪೆಟ್ಟಿಗೆ ಸಾಕು. ಮೂಲೆಗಳು ಸ್ವಲ್ಪ ಮಬ್ಬಾಗಿರುತ್ತವೆ, ಮಶ್ರೂಮ್ ಅಲ್ಲಿ ಇಡಿ. ನೀರಿನ ಮಟ್ಟದಿಂದ 12 ಇಂಚು ಮೇಲೆ ತೂಗುಹಾಕಿ, ಕೆಳಗೆ ಇಳಿಸಿದಷ್ಟು ನಡುವೆ ಉರಿ ಜಾಸ್ತಿ, ಅಂಚಿಗೆ ಕತ್ತಲು. ನಮ್ಮದು ಹಳೆ ಮನೆ, ಮಗಳ ತೊಟ್ಟಿಲು ಕಟ್ಟಿದ ಕೊಂಡಿ ಛತ್ತಿಗೆ ಹಾಗೇ ಇತ್ತು, ಟ್ಯಾಂಕನ್ನೇ ಅದರ ಕೆಳಗೆ ತಂದು ಪರ್ಸಿ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದೆ. ನಮ್ಮ ಅವ್ವ ಇಂದಿಗೂ "ಕೂಸು ತೂಗೋ ಜಾಗದಾಗ ದೀಪ ತೂಗ್ತಾನ" ಅಂತ ನಗುತ್ತಾಳೆ.

ಇನ್ನು ನನ್ನ ತಪ್ಪಿನ ಕಥೆ. ಪೆಟ್ಟಿಗೆ ತಂದ ದಿನವೇ ಖುಷಿಗೆ ತಿರುಗಣಿಗಳನ್ನು ನೂರಕ್ಕೆ ನೀಲಿ 80, ಬಿಳಿ 60 ಇಟ್ಟೆ. ಫ್ಲಡ್‌ಲೈಟಿಗೆ ಒಗ್ಗಿದ್ದ ಲೆದರ್ ನಾಲ್ಕೇ ದಿನದಲ್ಲಿ ಮುದುಡಿ ಬೆಳ್ಳಗಾಯಿತು. ಬೆಳಕು ಮಿತಿಮೀರಿದರೆ ಕೋರಲ್ ಒಳಗಿನ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ, ಬಣ್ಣ ಹೋಗೋದು ಅದಕ್ಕೇ. ನಾನು ಆ್ಯಪ್ ನೋಡಿ ಬೆಳಕು ಸಾಲುತ್ತಿಲ್ಲ ಅಂದುಕೊಂಡು ಇನ್ನೂ ಏರಿಸಿದೆ! ಎರಡು ವಾರಕ್ಕೆ ಕೊಳೆತು ಹೋಯಿತು. ನೀವು ನೀಲಿ 20, ಬಿಳಿ 5ರಿಂದ ಶುರು ಮಾಡಿ. ವಾರಕ್ಕೆ ಐದರಂತೆ ನೀಲಿ ಏರಿಸುತ್ತಾ 40-45ಕ್ಕೆ ನಿಲ್ಲಿಸಿ, ಬಿಳಿ 10-15 ದಾಟಬೇಡಿ. ದಿನಕ್ಕೆ ಎಂಟು-ಒಂಬತ್ತು ಗಂಟೆ ಸಾಕು. ಆಮೇಲೆ ಮೀಟರ್ ಬೇಡ, ಕೋರಲ್ಲೇ ಹೇಳುತ್ತದೆ. ಜೋವಾ ಕುತ್ತಿಗೆ ಉದ್ದ ಮಾಡಿ ಮೇಲಕ್ಕೆ ಎಳೆದರೆ ಬೆಳಕು ಕಡಿಮೆ. ಎಲ್ಲವೂ ಕಂದು ಬಣ್ಣಕ್ಕೆ ತಿರುಗಿದರೂ ಕಡಿಮೆ ಅಂತಲೇ. ಮಶ್ರೂಮ್ ಅಂಚು ಮಡಚಿಕೊಂಡು ಬಟ್ಟಲಾದರೆ ಜಾಸ್ತಿ. ಲೆದರ್ ಮಾತ್ರ ನಾಟಕದ ಜಾತಿ, ಆಗಾಗ ನಾಲ್ಕೈದು ದಿನ ಬಾಯಿ ಮುಚ್ಚಿ ಮೈಮೇಲಿನ ಪೊರೆ ಬಿಡುತ್ತದೆ, ಅದಕ್ಕೆ ಹೆದರಿ ಲೈಟ್ ಮುಟ್ಟಬೇಡಿ.

ನಮ್ಮ ಕಡೆ ಲೈಟಿಗಿಂತ ದೊಡ್ಡ ವೈರಿ ಧಗೆ. ಟ್ಯಾಂಕಿನ ನೀರು 25-27 ಡಿಗ್ರಿ ಇರಬೇಕು, 30 ದಾಟಿ ನಿಂತರೆ ಲೈಟ್ ಸರಿ ಇದ್ದರೂ ಕೋರಲ್ ಬೆಳ್ಳಗಾಗುತ್ತದೆ. ಬೀದರ್ ನಮಗಿಂತ ಎತ್ತರ, ಸ್ವಲ್ಪ ತಂಪು, ಆದರೂ ಏಪ್ರಿಲ್-ಮೇ ಅಂದರೆ ಏಪ್ರಿಲ್-ಮೇ. ಕಲಬುರಗಿಯಲ್ಲಿ 43 ಮುಟ್ಟಿದ ದಿನಗಳಲ್ಲಿ ನಾನು ಲೈಟನ್ನು ಹಗಲು ಹಚ್ಚೋದೇ ಇಲ್ಲ. ಸಂಜೆ ಆರಕ್ಕೆ ಹಚ್ಚಿ ರಾತ್ರಿ ಒಂದಕ್ಕೆ ಆರಿಸುತ್ತೇನೆ. ಕೋರಲ್‌ಗೆ ನಮ್ಮ ಗಡಿಯಾರ ಗೊತ್ತಿಲ್ಲ, ದಿನಾ ಅದೇ ಹೊತ್ತಿಗೆ ಬಂದರೆ ಆಯಿತು. ಕೆಲಸದಿಂದ ಬಂದ ಮೇಲೆ ನೋಡಲೂ ಸಿಗುತ್ತದೆ. ಟ್ಯಾಂಕಿನ ಮೇಲಿನ ಗಾಜು ತೆಗೆದು ಜಾಳಿಗೆ ಹಾಕಿ, ನೀರಿನ ಮೇಲೆ ಗಾಳಿ ಬೀಳುವಂತೆ ಒಂದು ಸಣ್ಣ ಫ್ಯಾನ್ ಇಡಿ. ನಮ್ಮ ಒಣ ಹವೆಗೆ ಅಷ್ಟರಿಂದಲೇ ಮೂರು ಡಿಗ್ರಿ ಇಳಿಯುತ್ತದೆ, ಮಡಕೆ ನೀರು ತಣ್ಣಗಾಗುವುದು ಹೇಗೋ ಹಾಗೇ. ಆದರೆ ಅದೇ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಗಾಳಿಯಲ್ಲಿ ತೇವ ತುಂಬುತ್ತದೆ, ಆಗ ಟ್ಯಾಂಕಿನ ಫ್ಯಾನ್ ಸುಮ್ನೆ ತಿರುಗುತ್ತದೆ. ಕಿಟಕಿ ತೆರೆದಿಡಿ. ಮತ್ತೆ ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಮೇ ತಿಂಗಳಲ್ಲಿ ನನ್ನ ಟ್ಯಾಂಕ್ ದಿನಕ್ಕೆ ಮೂರು-ನಾಲ್ಕು ಲೀಟರ್ ಕುಡಿಯುತ್ತದೆ. ಅದನ್ನು ಆರ್‌ಒ ನೀರಿನಿಂದಲೇ ತುಂಬಿಸಿ. ಬೋರ್ ನೀರೂ ಬೇಡ, ಉಪ್ಪು ಕಲಸಿದ ನೀರೂ ಬೇಡ.

ಕರೆಂಟ್ ಬಿಲ್ ಅಂತ ಮನೆಯಲ್ಲಿ ಕೇಳಿದ್ದಾರೆ ಅಂದಿರಲ್ಲ, ಲೆಕ್ಕ ಹೀಗಿದೆ. ನಾನು ಇಟ್ಟಿರುವ ಮಟ್ಟದಲ್ಲಿ ಪೆಟ್ಟಿಗೆ 50 ವ್ಯಾಟ್ ಎಳೆಯುತ್ತದೆ. ಒಂಬತ್ತು ಗಂಟೆಗೆ ಅರ್ಧ ಯುನಿಟ್ ಕೂಡ ಇಲ್ಲ, ತಿಂಗಳಿಗೆ 13-14 ಯುನಿಟ್. ಗೃಹಜ್ಯೋತಿಯಲ್ಲಿ 200 ಯುನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಾವೇ ಕಟ್ಟಬೇಕಲ್ಲ, ಬೇಸಿಗೆಯಲ್ಲಿ ಕೂಲರ್, ಫ್ರಿಜ್ ಸೇರಿ ಅಂಚಿಗೆ ಬಂದಿರುತ್ತೇವೆ. ಅಲ್ಲಿ ಈ 14 ಯುನಿಟ್ ಮಾಡೋದಕ್ಕಿಂತ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಮಾಡುವ ಹಾನಿ ಜಾಸ್ತಿ, ಸಣ್ಣದೂ 150-200 ವ್ಯಾಟ್ ತಿನ್ನುತ್ತದೆ. ಹಳೆ ಕಾಲದ ಮೆಟಲ್ ಹೇಲೈಡ್ ದೀಪ ಯಾರಾದರೂ ಪುಕ್ಕಟೆ ಕೊಟ್ಟರೂ ನಮ್ಮೂರಿಗೆ ಬೇಡ, 250 ವ್ಯಾಟಿನ ಒಲೆ ಅದು. ಟಿ5 ಟ್ಯೂಬ್ ಒಳ್ಳೆಯದೇ, ಬೆಳಕು ಸಮನಾಗಿ ಬೀಳುತ್ತದೆ, ಆದರೆ ವರ್ಷ ವರ್ಷ ಟ್ಯೂಬ್ ಬದಲಿಸಬೇಕು. ಅದನ್ನು ಹುಡುಕುತ್ತಾ ಕೂರೋಕೆ ಆಗೋದಿಲ್ಲ.

ಟೈಮರ್ ತಗೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ತಗೊಳ್ಳಿ. ತಿರುಗುವ ಚಕ್ರದ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ, ಒಂದು ವಾರಕ್ಕೆ ನಿಮ್ಮ ಸಂಜೆ ಆರು ಅದಕ್ಕೆ ಮಧ್ಯಾಹ್ನ ಎರಡಾಗಿರುತ್ತದೆ. ಲೈಟನ್ನು ಇನ್ವರ್ಟರ್‌ಗೆ ಕೊಡಬೇಡಿ. ಒಂದೆರಡು ದಿನ ಕತ್ತಲಲ್ಲಿ ಕೋರಲ್ ಇರುತ್ತದೆ, ನೀರು ತಿರುಗಿಸುವ ಪಂಪ್ ನಿಂತರೆ ಮಾತ್ರ ಮೀನು ಗಂಟೆಗಳಲ್ಲಿ ಉಸಿರು ಕಟ್ಟಿ ಸಾಯಬಹುದು. ಇನ್ವರ್ಟರ್ ಪಂಪಿಗೆ ಇರಲಿ.

ಉಪ್ಪುನೀರು ಮತ್ತು ಕರೆಂಟ್ ಜೊತೆ ಹುಡುಗಾಟ ಬೇಡ. ಅರ್ಥಿಂಗ್ ಸರಿಯಾಗಿರುವ ಪಾಯಿಂಟ್‌ನಿಂದಲೇ ಕೊಡಿ, ಆ ಲೈನಿಗೆ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಹಾಕಿಸಿ. ವೈರ್ ಸಾಕೆಟ್‌ಗಿಂತ ಕೆಳಗೆ ಒಂದು ಸುತ್ತು ಇಳಿದು ಮತ್ತೆ ಮೇಲೆ ಹೋಗಬೇಕು, ಆಗ ವೈರ್ ಮೇಲೆ ಹರಿದು ಬಂದ ಹನಿ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಹೋಗೋದಿಲ್ಲ. ತಿಂಗಳಿಗೊಮ್ಮೆ ಲೈಟ್ ಆರಿಸಿ, ಪ್ಲಗ್ ಕಿತ್ತು, ಲೆನ್ಸ್ ಮೇಲಿನ ಉಪ್ಪಿನ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ನಿಮ್ಮ 12 ಸಾವಿರದಲ್ಲಿ ಪೆಟ್ಟಿಗೆಗೆ 8-9 ಸಾವಿರ ಇಡಿ, ಉಳಿದದ್ದರಲ್ಲಿ ಇಎಲ್‌ಸಿಬಿ, ಟೈಮರ್, ಫ್ಯಾನ್, ಒಂದು ಥರ್ಮಾಮೀಟರ್. ಕೊಳ್ಳುವ ಮುಂಚೆ ಛತ್ತಿನಿಂದ ನೀರಿನ ಮಟ್ಟಕ್ಕೆ ಎಷ್ಟು ಅಂತರ ಇದೆ ಅಳೆದು ಇಲ್ಲಿ ಹಾಕಿ. ಮೇಲೆ ಕೊಂಡಿ ಇಲ್ಲದಿದ್ದರೆ ನನ್ನ ಹತ್ತಿರ ಗೋಡೆಗೆ ಹಾಕುವ ಕಬ್ಬಿಣದ ಬ್ರಾಕೆಟ್ ಒಂದು ಸುಮ್ನೆ ಬಿದ್ದಿದೆ, ಕಲಬುರಗಿ ಕಡೆ ಬಂದಾಗ ತಗೊಂಡು ಹೋಗಿ. ಬಣ್ಣ ನೀವೇ ಹೊಡೆಸಿಕೊಳ್ಳಿ, ತುಕ್ಕು ಹಿಡಿದಿದೆ.