ಹಳೇ ಬೈಕಿಗೆ ಯಾವ ಟೂಲ್? ಮೊದಲು ಸ್ಕ್ರೂ ತಲೆ ನೋಡಿ

ಪ್ರಶ್ನೆ: ನನ್ನ ಹತ್ತಿರ 1994ರ ಯಮಹಾ ಆರ್‌ಎಕ್ಸ್ 100 ಇದೆ. ಮನೆಯಲ್ಲೇ ಕ್ಲಚ್ ಪ್ಲೇಟ್ ಬದಲಿಸಬೇಕು ಅಂತ ಆಸೆ. ಕವರಿನ ಎರಡು ಸ್ಕ್ರೂಗಳ ತಲೆ ಆಗಲೇ ಸವೆದಿದೆ. ಆನ್‌ಲೈನ್‌ನಲ್ಲಿ 46 ಪೀಸಿನ ಟೂಲ್ ಸೆಟ್ ನೋಡಿದ್ದೇನೆ. ತಗೊಳ್ಳಲಾ?

ಬೇಡ. ಈ ಪ್ರಶ್ನೆ ಬಂದಾಗಲೆಲ್ಲ ಬೇಜಾರಾಗುತ್ತದೆ, ಯಾಕೆಂದರೆ ಪ್ರತಿ ಸಲವೂ ಸ್ಕ್ರೂ ಹಾಳಾದ ಮೇಲೆಯೇ ಕೇಳುತ್ತೀರಿ. ಅಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ದೊಡ್ಡ ಸಾಕೆಟ್ ಅಂದರೆ 14 ಮಿ.ಮೀ. ನಿಮ್ಮ ಸ್ಪಾರ್ಕ್ ಪ್ಲಗ್ಗಿಗೇ 21 ಬೇಕು! ಪೀಸ್ ಎಷ್ಟಿವೆ ಅಂತ ಎಣಿಸಬೇಡಿ. 10, 12, 14, 17ರ ಒಳ್ಳೆಯ ರಿಂಗ್ ಸ್ಪ್ಯಾನರ್ ಬಿಡಿಯಾಗಿ ತಗೊಳ್ಳಿ.

ಈಗ ಸ್ಕ್ರೂ ವಿಷಯ. ಆರ್‌ಎಕ್ಸ್ ಜಪಾನಿ ವಿನ್ಯಾಸದ ಗಾಡಿ. ಅದರ ಪ್ಲಸ್ ಸ್ಕ್ರೂ ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯದು. ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಟಾರ್ ಸ್ಕ್ರೂಡ್ರೈವರ್ ಫಿಲಿಪ್ಸ್ ಅನ್ನುವ ಬೇರೆ ಮಾದರಿಯದು. ಕಣ್ಣಿಗೆ ಎರಡೂ ಒಂದೇ. ಆದರೆ ಫಿಲಿಪ್ಸ್ ತುದಿ ಗುಳಿಯ ತಳಕ್ಕೆ ಮೊದಲು ತಾಗಿಬಿಡುತ್ತದೆ, ಪಕ್ಕದ ಗೋಡೆಗೆ ಪೂರ್ತಿ ಕೂರುವುದಿಲ್ಲ. ಜೋರು ಹಾಕಿದ ತಕ್ಷಣ ಮೇಲಕ್ಕೆ ಜಾರಿ ತಲೆ ಕೊರೆಯುತ್ತದೆ. ಮೂರು ಸಲ ಜಾರಿದರೆ ಆ ಸ್ಕ್ರೂ ಕಥೆ ಮುಗಿಯಿತು. ಜನ ತುಕ್ಕನ್ನು ಬೈಯುತ್ತಾರೆ, ತಪ್ಪು ಕೈಯಲ್ಲಿರುವ ಡ್ರೈವರಿನದು.

ಕವರಿನ 6 ಮಿ.ಮೀ. ಸ್ಕ್ರೂಗೆ ಜೆಐಎಸ್ 3ನೇ ನಂಬರ್ ಬೇಕು, 2 ಅಲ್ಲ. ಜೊತೆಗೆ ಸುತ್ತಿಗೆ ಏಟಿಗೆ ತಿರುಗುವ ಇಂಪ್ಯಾಕ್ಟ್ ಡ್ರೈವರ್. ಬ್ಯಾಟರಿಯದಲ್ಲ, ಕೈಯಲ್ಲಿ ಹಿಡಿಯುವ ಕಬ್ಬಿಣದ್ದು. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಸ್ಕ್ರೂ ಗುಳಿಯ ಕೊಳೆಯನ್ನು ಸೂಜಿಯಿಂದ ಕೆರೆದು ತೆಗೆಯಿರಿ. ತುದಿಗೆ ಚೂರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ (ತರಿತರಿಯಾದ ಉಜ್ಜುವ ಪೇಸ್ಟ್) ಹಚ್ಚಿದರೆ ಹಿಡಿತ ಜಾಸ್ತಿ. ಡ್ರೈವರನ್ನು ಬಿಚ್ಚುವ ಕಡೆಗೆ ತಿರುಗಿಸಿ ಬಿಗಿಯಾಗಿ ಒತ್ತಿ ಹಿಡಿದು, ನೇರವಾಗಿ ಒಂದೇ ಗಟ್ಟಿ ಏಟು ಹಾಕಿ. 'ಟಕ್' ಅಂತ ಸಡಿಲವಾಗುವುದು ಕೈಗೇ ಗೊತ್ತಾಗುತ್ತದೆ.

ಚಾಣ ಇಟ್ಟು ಸುತ್ತಿಗೆಯಲ್ಲಿ ಬಡಿದು ತಿರುಗಿಸುವ ಮೆಕ್ಯಾನಿಕ್ ಹತ್ತಿರ ದಯವಿಟ್ಟು ಹೋಗಬೇಡಿ. ಕಳೆದ ತಿಂಗಳು ಹೀಗೆ ಬಿಚ್ಚಿದ ಗಾಡಿಯೊಂದು ನನ್ನ ಹತ್ತಿರ ಬಂತು. ಕವರಿನ ಅಂಚಿನಲ್ಲಿ ಏಳು ಕಡೆ ಉಗುರಿನಷ್ಟು ಗಾಯ. ಒಂದು ಗಾಯ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಹಾಳೆ) ಕೂರುವ ಜಾಗಕ್ಕೇ ಇಳಿದು ಆಯಿಲ್ ಸೋರುತ್ತಿತ್ತು. ಮೂವತ್ತು ವರ್ಷ ಮನೆಯವರಂತೆ ಜೊತೆಗಿದ್ದ ಗಾಡಿ ಅದು. ನೋಡಿ ಹೊಟ್ಟೆ ಉರಿಯಿತು.

ಕ್ಲಚ್ ಸ್ಪ್ರಿಂಗಿನ ಸ್ಕ್ರೂ ಬಿಚ್ಚಿದರೆ ಪ್ಲೇಟ್ ಕೈಗೆ ಬರುತ್ತವೆ. ನಡುವಿನ ದೊಡ್ಡ ನಟ್ಟಿಗೆ ಕೈ ಹಾಕಬೇಡಿ. ವಾಪಸ್ ಹಾಕುವಾಗ ಕವರಿಗೆ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವುದು) ಹಾಕಿ, ಹಳೆಯದರ ಉದ್ದ ಅಳೆದು ತಂದದ್ದು. ಬೋಲ್ಟ್ ಕೂರುವ ಒಳಗಿನ ಥ್ರೆಡ್ ಅಲ್ಯೂಮಿನಿಯಂ. ಪೂರ್ತಿ ತೋಳಿನ ಬಲ ಬೇಡ, ಮಣಿಕಟ್ಟಿನ ಬಲ ಸಾಕು. ಬಿಗಿಯುವ ಬಲ ಅಳೆಯುವ ಟಾರ್ಕ್ ವ್ರೆಂಚ್ ಇದ್ದರೆ ಸುಮಾರು 10 ನ್ಯೂಟನ್ ಮೀಟರ್. ನಾನು ಇಷ್ಟು ವರ್ಷದ ಮೇಲೂ ವ್ರೆಂಚನ್ನೇ ನಂಬುತ್ತೇನೆ.

ಪ್ರಶ್ನೆ: ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರ್ ಒಂದಿದ್ದರೆ ಎಲ್ಲಕ್ಕೂ ಆಗುತ್ತೆ ಅಲ್ವಾ?

ಇಲ್ಲ. ಅದು ನಲ್ಲಿಗೆ.

ಪ್ರಶ್ನೆ: ಕಾರ್ಬುರೇಟರ್ ಜೆಟ್ ಕ್ಲೀನ್ ಮಾಡಲು ಎಂಥ ತಂತಿ ಒಳ್ಳೆಯದು?

ಯಾವುದೂ ಅಲ್ಲ. ಜೆಟ್ ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಹಿತ್ತಾಳೆಯದು, ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಬಿಡಿ. ತಂತಿ ಹಾಕುವುದೇ 'ಟ್ಯೂನಿಂಗ್' ಅಂತ ಹೇಳುವವರ ಮಾತು ಕೇಳಬೇಡಿ.

ಪ್ರಶ್ನೆ: ಅಪ್ಪನ ಹಳೇ ಬುಲೆಟ್‌ನ ಕೆಲವು ನಟ್ಟಿಗೆ 13 ಹೋಗಲ್ಲ, 14 ಹಾಕಿದರೆ ಆಡುತ್ತೆ. ನಟ್ ಸವೆದಿದೆಯಾ?

ಸವೆದಿಲ್ಲ, 14 ಹಾಕುತ್ತಾ ಇದ್ದರೆ ಸವೆಯುತ್ತದೆ. ಅದು ವಿಟ್‌ವರ್ತ್ ಅನ್ನುವ ಬ್ರಿಟಿಷ್ ಕಾಲದ ಅಳತೆ. ಅದರಲ್ಲಿ ಕಾಲು ಇಂಚು ಅನ್ನುವುದು ಬೋಲ್ಟಿನ ದಪ್ಪ; ಕಾಲು ಇಂಚಿನ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ ಸುಮಾರು 13.3 ಮಿ.ಮೀ. ಅದನ್ನೇ ಹುಡುಕಿ. ಹಳೇ ಟೂಲ್ ಮಾರುವವರ ರಾಶಿಯಲ್ಲಿ ಕೆದಕಿದರೆ ಸಿಗುತ್ತದೆ, ಮೇಲೆ 'ಡಬ್ಲ್ಯೂ' ಅಕ್ಷರ ಇರುತ್ತದೆ.