ಹೋಸ್ಟ್ ಬದಲಾದಾಗ ವಿಎಂ ಸಂಪರ್ಕ ಕಡಿತ: ಟ್ರಂಕ್ ಪಟ್ಟಿ ನೋಡಿ

ಆನ್ಸಿಬಲ್ ಪ್ಲೇಬುಕ್ (ಸ್ವಿಚ್‌ಗಳ ಸೆಟ್ಟಿಂಗ್‌ಗಳನ್ನು ತಾನಾಗಿ ಬದಲಿಸುವ ಸೂಚನೆಗಳ ಕಡತ) ಓಡಿಸಿದ ಮೇಲೆ, ಬೇರೆ ಹೋಸ್ಟ್‌ಗೆ (ಅವನ್ನು ನಡೆಸುವ ಸರ್ವರ್‌ಗೆ) ಸರಿದ ವಿಎಂಗಳು (ವರ್ಚುವಲ್ ಮೆಷಿನ್‌ಗಳು) ಮಾತ್ರ ಸಂಪರ್ಕ ಕಳೆದುಕೊಳ್ಳುತ್ತಿವೆ ಎಂದರೆ, ಆ ಹೋಸ್ಟ್‌ನ ಸ್ವಿಚ್ ಪೋರ್ಟ್‌ನಲ್ಲಿ ಟ್ರಂಕ್ ಪಟ್ಟಿ, ಅಂದರೆ ಆ ಪೋರ್ಟ್ ಹಾದುಹೋಗಲು ಬಿಡುವ ವಿಲ್ಯಾನ್‌ಗಳ (ಒಂದೇ ಜಾಲದೊಳಗೆ ಬೇರ್ಪಡಿಸಿದ ಭಾಗಗಳ) ಪಟ್ಟಿ, ಅಳಿಸಿಹೋಗಿರುವ ಸಾಧ್ಯತೆಯೇ ಹೆಚ್ಚು. ಸಿಸ್ಕೊ ಸ್ವಿಚ್‌ಗಳ ತಂತ್ರಾಂಶವಾದ ಐಒಎಸ್‌ನಲ್ಲಿ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಕೊಟ್ಟರೆ 30 ಸೇರ್ಪಡೆಯಾಗುವುದಿಲ್ಲ. ಹಳೆಯ ಪಟ್ಟಿ ಪೂರ್ತಿ ಹೋಗಿ 30 ಒಂದೇ ಉಳಿಯುತ್ತದೆ. ಸಂಖ್ಯೆಗೆ ಮೊದಲು ‘ಆ್ಯಡ್’ ಇರಲೇಬೇಕು. ಈ ಒಂದು ಪದ ಬಿಟ್ಟುಹೋಗಿ ನಾನು ರಾತ್ರಿಯಿಡೀ ಪರದಾಡಿದ್ದೇನೆ.

ಮೊದಲು ‘ಶೋ ಇಂಟರ್‌ಫೇಸಸ್ ಟ್ರಂಕ್’ ಕೊಟ್ಟು, ಸರಿಯಿರುವ ಹೋಸ್ಟ್‌ನ ಪೋರ್ಟ್‌ನೊಡನೆ ಹೋಲಿಸಿ. ಕಾಣೆಯಾದ ವಿಲ್ಯಾನ್‌ಗಳನ್ನು ಕೈಯಿಂದಲೇ ಸೇರಿಸಿ, ವಿಎಂಗೆ ಪಿಂಗ್ ಮಾಡಿ. ಅನಂತರ ಪ್ಲೇಬುಕ್‌ನಲ್ಲಿ ಸ್ಟೇಟ್ ‘ರಿಪ್ಲೇಸ್ಡ್’ (ಹಳೆಯದರ ಬದಲು ಹೊಸದು) ಇದ್ದರೆ ‘ಮರ್ಜ್ಡ್’ (ಇರುವುದಕ್ಕೆ ಸೇರ್ಪಡೆ) ಎಂದು ಬದಲಿಸಿ, ‘ಚೆಕ್’ (ಏನನ್ನೂ ಬದಲಿಸದ ಪರೀಕ್ಷೆ), ‘ಡಿಫ್’ (ಆಗುವ ಬದಲಾವಣೆ ತೋರಿಸುವುದು) ಆಯ್ಕೆಗಳೊಡನೆ ಒಂದೇ ಪೋರ್ಟ್ ಮೇಲೆ ಓಡಿಸಿ ನೋಡಿ. ಮೊದಲು ಹೋಲಿಸಿದ ಎರಡೂ ಪೋರ್ಟ್‌ಗಳ ಪಟ್ಟಿಗಳು ಒಂದೇ ಇದ್ದರೆ ನನ್ನ ಊಹೆ ತಪ್ಪು. ಆಗ ಆ ಹೋಸ್ಟ್‌ನ ಪೋರ್ಟ್ ಗ್ರೂಪ್‌ನಲ್ಲಿರುವ (ಹೋಸ್ಟ್‌ನೊಳಗೆ ವಿಎಂಗಳನ್ನು ಜಾಲಕ್ಕೆ ಜೋಡಿಸುವ ಸೆಟ್ಟಿಂಗ್) ವಿಲ್ಯಾನ್ ಸಂಖ್ಯೆಯನ್ನು ಪರಿಶೀಲಿಸಿ.